ಹಂಚಿಕೊಂಡ ಹೆದರಿಕೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ರಾತ್ರಿಯ ಸದ್ದುಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಗಾಳಿ ಬೀಸಿದಾಗ ಗರಿಗೆ ಗರಿ ತಾಗಿ, ಎಲ್ಲಿಯೋ ದೂರದಲ್ಲಿ ಮಳೆ ಸುರಿಯುತ್ತಿರುವಂತೆ ಕೇಳುತ್ತದೆ. ನಡುರಾತ್ರಿಯಲ್ಲಿ ಒಣಗಿದ ಗರಿಯೊಂದು ಕಳಚಿ, ಮರದ ಮೈಯನ್ನು ಸವರಿಕೊಂಡು ಬಂದು, ದೊಪ್ಪೆಂದು ನೆಲಕ್ಕೆ ಬೀಳುತ್ತದೆ. ಇವೆಲ್ಲ ಹೊರಗಿನ ಸದ್ದುಗಳು. ನಮ್ಮ ಬಾಲ್ಯದಲ್ಲಿ ಇವುಗಳಿಗಿಂತ ಭಯಂಕರವಾದ ಸದ್ದೊಂದು ಮನೆಯ ಒಳಗೇ, ಮಲಗಿದವರ ತಲೆಯ ಮೇಲೆಯೇ ಇರುತ್ತಿತ್ತು. ಅದು ಅಟ್ಟದ ಸದ್ದು.

ನಮ್ಮ ಸೀಮೆಯ ಕೊಬ್ಬರಿ ಕಾಯಿ ಒಡೆದು ಬಿಸಿಲಿನಲ್ಲಿ ಒಣಗಿಸಿದ ಹೋಳಲ್ಲ, ಇಡಿಯ ಉಂಡೆ. ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟಕ್ಕೆ ಏರಿಸಿ, ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ವರ್ಷದವರೆಗೂ, ಅಲ್ಲಿಯೇ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ. ತಿರುಳು ಒಣಗಿ, ಕುಗ್ಗಿ, ಕರಟದಿಂದ ಬಿಟ್ಟುಕೊಂಡು ಗಿಟುಕಾಗುತ್ತದೆ. ಆಗ ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಯಾರೋ ಕುಳಿತು ಬಾಗಿಲು ತಟ್ಟಿದಂತೆ ಲೊಟಲೊಟ ಸದ್ದು ಬರುತ್ತದೆ. ರಾತ್ರಿಯಲ್ಲಿ ಒಂದು ಇಲಿ ಅಟ್ಟದ ಮೇಲೆ ಓಡಾಡಿ ನಾಲ್ಕು ಕಾಯಿಗಳನ್ನು ಉರುಳಿಸಿದರೆ ಸಾಕು, ಕೆಳಗೆ ಮಲಗಿದ ಮಕ್ಕಳ ಎದೆ ಬಡಿದುಕೊಳ್ಳಲು ಬೇರೆ ಕಾರಣ ಬೇಕಾಗಿರಲಿಲ್ಲ.

ನಾನು ಆರೇಳು ವರ್ಷದವನಿದ್ದಾಗ ಇಂತಹ ಒಂದು ರಾತ್ರಿ ಕಂಬಳಿಯೊಳಗೆ ಮುದುಡಿಕೊಂಡು ಅತ್ತೆನಂತೆ. ಅಜ್ಜಿ ನನ್ನನ್ನು ಬೈಯಲಿಲ್ಲ. “ದೆವ್ವವೂ ಇಲ್ಲ, ಗಿವ್ವವೂ ಇಲ್ಲ, ಸುಮ್ಮನೆ ಮಲಗು” ಎಂದು ಗದರಿಸಲೂ ಇಲ್ಲ. ಬುಡ್ಡಿದೀಪ ಹಚ್ಚಿಕೊಂಡು, “ಬಾರೋ ಮಗ, ನಿನ್ನ ದೆವ್ವ ತೋರಿಸ್ತೀನಿ” ಎಂದು ನನ್ನ ಕೈ ಹಿಡಿದು ಏಣಿ ಹತ್ತಿಸಿದಳು. ಕಾಯಿಗಳ ರಾಶಿಯಲ್ಲಿ ಒಂದನ್ನು ಎತ್ತಿ ನನ್ನ ಕಿವಿಯ ಬಳಿ ಅಲ್ಲಾಡಿಸಿದಳು. ನಾನು ಕೈಗೆ ತೆಗೆದುಕೊಂಡು ನಾನೇ ಅಲ್ಲಾಡಿಸಿದೆ. ಅಳು ನಿಂತು ನಗು ಬಂದಿತು. ಕೆಳಗಿಳಿದು ಬಂದ ಮೇಲೆ ಅಜ್ಜಿ ಮಾಡಿದ ಕೆಲಸವೇ ಸೋಜಿಗದ್ದು. ನನ್ನನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕೊಳ್ಳಿದೆವ್ವದ ಕಥೆಯೊಂದನ್ನು ಹೇಳಿದಳು! ಅಟ್ಟದ ಮೇಲಿನ ಭಯವನ್ನು ಕಳೆದವಳು ಕಥೆಯೊಳಗಿನ ಭಯವನ್ನು ಯಾಕೆ ಕೊಟ್ಟಳು? ಈ ಪ್ರಶ್ನೆಗೆ ಉತ್ತರ ಹೊಳೆಯಲು ನನಗೆ ಬಹಳ ವರ್ಷಗಳು ಬೇಕಾದವು. ಆ ಉತ್ತರವನ್ನು ನಿಮ್ಮ ಮುಂದಿಡುವುದೇ ಈ ಪ್ರಬಂಧದ ಉದ್ದೇಶ.

ಅಕ್ಷರ ಬಂದ ಮೇಲೆ ನಮಗೆ ಅಜ್ಜಿಯ ಜೊತೆಗೆ ಮತ್ತೊಬ್ಬ ಕಥೆಗಾರ ದೊರಕಿದ. ಅದು ‘ಚಂದಮಾಮ’. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ಮದರಾಸಿನಲ್ಲಿ ೧೯೪೭ರ ಜುಲೈನಲ್ಲಿ ತೆಲುಗು ಮತ್ತು ತಮಿಳು ಭಾಷೆಗಳಲ್ಲಿ ಆರಂಭಿಸಿದ ಈ ಮಕ್ಕಳ ಮಾಸಪತ್ರಿಕೆ ೧೯೪೯ರಿಂದ ಕನ್ನಡದಲ್ಲಿಯೂ ಬರತೊಡಗಿತು. ಅದರಲ್ಲಿ ನಾವು ಮೊದಲು ಹುಡುಕುತ್ತಿದ್ದುದು ಬೇತಾಳನ ಕಥೆಯ ಪುಟವನ್ನು. ಒಂದು ಕೈಯಲ್ಲಿ ಕತ್ತಿ ಹಿರಿದು, ಹೆಗಲ ಮೇಲೆ ಹೆಣವನ್ನು ಹೊತ್ತು, ಸ್ಮಶಾನದ ಕತ್ತಲಿನಲ್ಲಿ ನಡೆದು ಬರುವ ವಿಕ್ರಮ ರಾಜನ ಆ ಚಿತ್ರವನ್ನು ಕಂಡವರು ಮರೆಯಲಾರರು. ಅದನ್ನು ಬರೆದ ಕಲಾವಿದ ಕೆ. ಸಿ. ಶಿವಶಂಕರನ್. ೨೦೨೦ರಲ್ಲಿ ಅವರು ತೀರಿಕೊಂಡಾಗ, ಅವರ ಹೆಸರನ್ನು ಎಂದೂ ಕೇಳಿರದಿದ್ದ ನನ್ನ ವಯಸ್ಸಿನವರು ಕೂಡ ಆ ಒಂದು ಚಿತ್ರವನ್ನು ನೆನೆದು ಮರುಗಿದರು.

ನಮ್ಮ ಊರಿಗೆ ಬರುತ್ತಿದ್ದುದು ತಿಂಗಳಿಗೆ ಒಂದೇ ಪ್ರತಿ. ಓದುವವರು ಇಪ್ಪತ್ತು ಮಂದಿ. ಹೀಗಾಗಿ ಪುಸ್ತಕಕ್ಕೆ ಒಂದು ಸರದಿ ಏರ್ಪಟ್ಟಿತ್ತು. ಶಾನುಭೋಗರ ಮನೆಯಿಂದ ಹೊರಟ ಪ್ರತಿ ಕ್ಷೌರದ ಅಂಗಡಿಗೆ, ಅಲ್ಲಿಂದ ಗಾಣದ ಮನೆಗೆ, ಅಲ್ಲಿಂದ ನಮ್ಮ ಜಗುಲಿಗೆ ಬರುವ ಹೊತ್ತಿಗೆ ಅದರ ಹೊದಿಕೆ ಕಿತ್ತು, ಅಂಚುಗಳಿಗೆ ಕೊಬ್ಬರಿ ಎಣ್ಣೆಯ ಬೆರಳಚ್ಚು ಬಿದ್ದಿರುತ್ತಿತ್ತು. ಸರದಿಗಾಗಿ ಕಾಯಲಾರದವರು ಒಟ್ಟಿಗೆ ಕುಳಿತು ಓದುತ್ತಿದ್ದೆವು. ಒಬ್ಬ ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು. ಮುಸ್ಸಂಜೆಯಲ್ಲಿ ಬೇತಾಳನು ಹೆಣದೊಳಗಿಂದ ಮಾತನಾಡತೊಡಗಿದರೆ ಕೇಳುವವರು ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತುಕೊಳ್ಳುತ್ತಿದ್ದರು. ಆ ಒತ್ತಿಕೊಳ್ಳುವಿಕೆಯಲ್ಲಿ ಜಾತಿಯ ಲೆಕ್ಕ ಇರುತ್ತಿರಲಿಲ್ಲ. ಹಗಲಿನಲ್ಲಿ ಇರುತ್ತಿದ್ದ ಜಗಳವೂ ಇರುತ್ತಿರಲಿಲ್ಲ. ಹೆದರಿದ ಮಕ್ಕಳೆಲ್ಲ ಒಂದೇ.

ಬೇತಾಳನ ಕಥೆಗಳು ಹೊಸವಲ್ಲ. ಕಾಶ್ಮೀರದ ಸೋಮದೇವನು ಹನ್ನೊಂದನೆಯ ಶತಮಾನದಲ್ಲಿ ರಚಿಸಿದ ‘ಕಥಾಸರಿತ್ಸಾಗರ’ದಲ್ಲಿ ಆ ಇಪ್ಪತ್ತೈದು ಕಥೆಗಳಿವೆ. ‘ಚಂದಮಾಮ’ದವರು ಅದರ ಚೌಕಟ್ಟನ್ನು ಮಾತ್ರ ಇಟ್ಟುಕೊಂಡು, ಇಪ್ಪತ್ತೈದು ಮುಗಿದ ಮೇಲೆಯೂ ಹೊಸ ಹೊಸ ಕಥೆಗಳನ್ನು ಅದರೊಳಗೆ ಕೂಡಿಸುತ್ತ ಹೋದರು. ಮೂಲಕಥೆಯ ಕೊನೆಯನ್ನು ನೀವು ಬಲ್ಲಿರಾ? ರಾಜನನ್ನು ಸ್ಮಶಾನಕ್ಕೆ ಕಳುಹಿಸಿದವನು ಒಬ್ಬ ಭಿಕ್ಷು. ನೋಡಲು ಸಾಧು, ದಿನವೂ ರಾಜನಿಗೆ ಹಣ್ಣು ತಂದುಕೊಡುತ್ತಿದ್ದವನು. ಆದರೆ ಅವನ ಮನಸ್ಸಿನಲ್ಲಿದ್ದುದು ರಾಜನನ್ನೇ ಬಲಿ ಕೊಟ್ಟು ಸಿದ್ಧಿ ಪಡೆಯುವ ಹಂಚಿಕೆ. ಈ ಮೋಸವನ್ನು ರಾಜನಿಗೆ ತಿಳಿಸಿ, ಪಾರಾಗುವ ಉಪಾಯವನ್ನು ಹೇಳಿಕೊಟ್ಟವನು ಬೇತಾಳ. “ಸಾಷ್ಟಾಂಗ ನಮಸ್ಕಾರ ಮಾಡು ಎಂದು ಅವನು ಹೇಳಿದಾಗ, ಹೇಗೆಂದು ನೀನೇ ತೋರಿಸು ಎನ್ನು” ಎಂಬುದೇ ಆ ಉಪಾಯ. ಹೆಣದೊಳಗೆ ಹೊಕ್ಕು ಹೆದರಿಸಿದವನು ಹಿತೈಷಿ. ಹಣ್ಣು ತಂದುಕೊಟ್ಟವನು ಕೊಲೆಗಡುಕ. ಕಾಣುವುದಕ್ಕೂ ಇರುವುದಕ್ಕೂ ಅಂತರವುಂಟೆಂಬ ಈ ತಿಳಿವಳಿಕೆಯನ್ನು ನೀತಿಪಾಠದ ಹತ್ತು ಪುಟಗಳು ಇಷ್ಟು ಆಳವಾಗಿ ಮನಸ್ಸಿನಲ್ಲಿ ನೆಡಲಾರವು.

ಇಷ್ಟೆಲ್ಲವನ್ನೂ ಬಾಲ್ಯದಲ್ಲಿ ಪಡೆದ ನಾನು ಮೇಷ್ಟ್ರಾದ ಮೇಲೆ ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಆಗ ೧೯೮೬ನೆಯ ಇಸವಿ. ಕನ್ನಡ ಅಧ್ಯಾಪಕನಾಗಿ ಕೆಲವೇ ವರ್ಷಗಳಾಗಿದ್ದವು. ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ಕೊನೆಯ ಸಾಲಿನಲ್ಲಿ ಆರು ಹುಡುಗರು ತಲೆಗೆ ತಲೆ ಕೂಡಿಸಿ ಏನನ್ನೋ ಓದುತ್ತಿದ್ದರು. ಹೋಗಿ ನೋಡಿದರೆ, ಹೊದಿಕೆ ಹರಿದುಹೋಗಿದ್ದ ಒಂದು ಇಂಗ್ಲಿಷ್ ಚಿತ್ರಕಥೆಯ ಪುಸ್ತಕ. ಪುಟದ ತುಂಬ ಕಪ್ಪು ನೆರಳು. ಕಣ್ಣು ಬಿಟ್ಟ ಮುದುಕನೊಬ್ಬನ ಮುಖ. ಲಾಂದ್ರ ಹಿಡಿದ ಒಂದು ಕೈ. “ಪಾಠ ಬಿಟ್ಟು ದೆವ್ವ ಪಿಶಾಚಿ ಓದುತ್ತೀರಾ?” ಎಂದು ಕೂಗಿ, ಆ ಪುಸ್ತಕವನ್ನು ಎಲ್ಲರೆದುರಿಗೆ ಹರಿದು ಕಸದ ಬುಟ್ಟಿಗೆ ಹಾಕಿದೆ. ಹುಡುಗರು ತುಟಿ ಬಿಚ್ಚಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ, ಏಕೋ ಮನಸ್ಸು ತಡೆಯದೆ ಬುಟ್ಟಿಯಿಂದ ಒಂದು ಚೂರನ್ನು ಎತ್ತಿ ನೋಡಿದೆ. ಚಿತ್ರದ ಕೆಳಗೆ ಪೆನ್ಸಿಲ್ಲಿನಲ್ಲಿ ಕನ್ನಡದ ಸಾಲುಗಳಿದ್ದವು. ಇನ್ನೊಂದು ಚೂರು ನೋಡಿದೆ. ಅಲ್ಲಿಯೂ ಕನ್ನಡ. ಆ ಆರು ಮಂದಿ ನಿಘಂಟು ಹಿಡಿದು ಪ್ರತಿ ಚಿತ್ರದ ಮಾತನ್ನೂ ಕನ್ನಡಕ್ಕೆ ತಿರುಗಿಸುತ್ತಿದ್ದರು! ಒಂದು ಚೂರಿನ ಮೇಲೆ, ಎದೆಯ ಬಡಿತದ ಸದ್ದನ್ನು ವರ್ಣಿಸುತ್ತ, ‘ಅಟ್ಟದ ಮೇಲೆ ಗಿಟುಕು ಅಲ್ಲಾಡಿದ ಹಾಗೆ’ ಎಂದು ಬರೆದಿತ್ತು. ಕನ್ನಡ ಮೇಷ್ಟ್ರು ಹರಿದುಹಾಕಿದ್ದು ಮಕ್ಕಳು ತಾವಾಗಿಯೇ ಮಾಡಿದ ಒಂದು ಕನ್ನಡ ಅನುವಾದವನ್ನು.

ವಿಷಯ ಅಲ್ಲಿಗೆ ಮುಗಿಯಲಿಲ್ಲ. ಆ ಪುಸ್ತಕ ಅವರದಾಗಿರಲಿಲ್ಲ. ಸೈಕಲ್ ಅಂಗಡಿಯವರೊಬ್ಬರಿಂದ ಎರವಲು ತಂದದ್ದು. ಅದರ ಬೆಲೆ ತೀರಿಸಲು ಆ ಹುಡುಗರು ಮೂರು ಭಾನುವಾರ ಮಂಡಿಯೊಂದರ ಅಂಗಳದಲ್ಲಿ ಕಾಯಿ ಸುಲಿದರು. ನೆಟ್ಟ ಸಲಾಕೆಯ ಮೊನೆಗೆ ಕಾಯಿ ಚುಚ್ಚಿ ಸುಲಿಯುವ ಕೆಲಸ ದೊಡ್ಡವರ ಅಂಗೈಯನ್ನೇ ಒಡೆಯಿಸುತ್ತದೆ. ಸೋಮವಾರ ಅವರ ಕೈಗಳನ್ನು ನೋಡಿ ಕಾರಣ ಕೇಳಿದೆ. ಅವರು ಹೇಳಲಿಲ್ಲ, ಬೇರೆಯವರಿಂದ ತಿಳಿಯಿತು. ಸೈಕಲ್ ಅಂಗಡಿಗೆ ಹೋಗಿ ಹಣ ಕೊಡಲು ನೋಡಿದೆ. ಸಾಲ ಆಗಲೇ ತೀರಿತ್ತು. ಆದರೆ ಅಂಗಡಿಯವರು ಮತ್ತೆ ಯಾವ ಹುಡುಗನಿಗೂ ಪುಸ್ತಕ ಕೊಡಲಿಲ್ಲ. ಒಂದು ಊರಿನಲ್ಲಿ ಕೈಯಿಂದ ಕೈಗೆ ಪುಸ್ತಕ ಹೋಗುವ ದಾರಿಯೊಂದು ನನ್ನಿಂದ ಮುಚ್ಚಿಹೋಯಿತು.

ನಾನು ಮಾಡಿದ ಕೆಲಸವನ್ನು ಲೋಕದಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಿದವರಿದ್ದರೆಂಬುದು ಆಮೇಲೆ ಓದಿ ತಿಳಿಯಿತು. ಅಮೆರಿಕದಲ್ಲಿ ೧೯೫೦ರ ಸುಮಾರಿಗೆ ಭಯಾನಕ ಚಿತ್ರಕಥೆಗಳು ಲಕ್ಷಾಂತರ ಸಂಖ್ಯೆಯಲ್ಲಿ ಮಾರಾಟವಾಗುತ್ತಿದ್ದವು. ಮಕ್ಕಳು ಅವುಗಳನ್ನು ಕೊಳ್ಳುವುದಕ್ಕಿಂತ ಹೆಚ್ಚಾಗಿ ಬದಲಾಯಿಸಿಕೊಂಡು ಓದುತ್ತಿದ್ದರು. ಹಿರಿಯರಿಗೆ ಇದು ಸರಿದೋರಲಿಲ್ಲ. ೧೯೪೮ರಲ್ಲಿಯೇ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ಪಟ್ಟಣದ ಶಾಲೆಯೊಂದರಲ್ಲಿ ಮಕ್ಕಳಿಂದ ಚಿತ್ರಕಥೆಗಳನ್ನು ಕೂಡಿಹಾಕಿಸಿ ಬೆಂಕಿಗೆ ಹಾಕಿದ್ದರು. ೧೯೫೪ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ, ಬಾಲಾಪರಾಧಗಳಿಗೆ ಇಂತಹ ಪುಸ್ತಕಗಳೇ ಕಾರಣವೆಂದು ವಾದಿಸಿ ಗ್ರಂಥವೊಂದನ್ನು ಪ್ರಕಟಿಸಿದ. ಅದೇ ವರ್ಷ ಸೆನೆಟ್ಟಿನ ಉಪಸಮಿತಿಯೊಂದು ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಮಗೆ ತಾವೇ ಒಂದು ನಿಯಮಾವಳಿಯನ್ನು ವಿಧಿಸಿಕೊಂಡರು. ಹೆಸರಿನಲ್ಲಿ ‘ಭಯಾನಕ’ ಎಂಬ ಪದ ಇರಕೂಡದು. ರಕ್ತಪಿಶಾಚಿ, ನಡೆದಾಡುವ ಹೆಣ, ತೋಳಮನುಷ್ಯ ಯಾವುದೂ ಬರಕೂಡದು ಎಂದು ಅದು ಹೇಳಿತು. ಮರುವರ್ಷ ಬ್ರಿಟನ್ನಿನಲ್ಲಿಯೂ ಇಂತಹ ಪುಸ್ತಕಗಳನ್ನು ತಡೆಯುವ ಶಾಸನ ಬಂದಿತು.

ಮುಂದೇನಾಯಿತು? ೧೯೭೧ರಲ್ಲಿ ಆ ನಿಯಮಾವಳಿಯನ್ನು ಸಡಿಲಿಸಿ, ಫ್ರಾಂಕನ್‌ಸ್ಟೈನ್, ಡ್ರಾಕುಲಾ ಮೊದಲಾದ ಶ್ರೇಷ್ಠ ಕೃತಿಗಳ ಪರಂಪರೆಗೆ ಸೇರಿದ ಭಯಕ್ಕೆ ಎಡೆಗೊಟ್ಟರು. ೨೦೧೧ರ ವೇಳೆಗೆ ಆ ನಿಯಮಾವಳಿಯೇ ಬಳಕೆ ತಪ್ಪಿಹೋಯಿತು. ೨೦೧೨ರಲ್ಲಿ ಕ್ಯಾರಲ್ ಟಿಲ್ಲಿ ಎಂಬ ವಿದ್ವಾಂಸೆ ವರ್ಥಮನ ಹಳೆಯ ಕಾಗದಪತ್ರಗಳನ್ನು ಪರಿಶೀಲಿಸಿ, ಮಕ್ಕಳ ಹೇಳಿಕೆಗಳನ್ನು ಅವನು ತನ್ನ ವಾದಕ್ಕೆ ಒಗ್ಗುವಂತೆ ತಿದ್ದಿ ಬಳಸಿದ್ದನೆಂದು ತೋರಿಸಿಕೊಟ್ಟಳು. ವರ್ಥಮ್ ಕೆಟ್ಟವನೇನೂ ಅಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡ ಕರಿಯ ಜನರಿಗಾಗಿ ಚಿಕಿತ್ಸಾಲಯ ನಡೆಸಿದವನು. ಮಕ್ಕಳ ಹಿತ ಬಯಸಿದವನು, ಮಕ್ಕಳು ಹೇಳಿದ್ದನ್ನು ಮಾತ್ರ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಈ ಮಾತು ನನಗೂ ಅನ್ವಯಿಸುತ್ತದೆ.

ಭಯದ ಕಥೆ ಹೊರನಾಡಿನಿಂದ ಬಂದ ಪಿಡುಗು ಎಂದು ಭಾವಿಸುವವರು ನಮ್ಮ ಕವಿಗಳನ್ನು ಓದಬೇಕು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಭೀಷ್ಮರನ್ನು ಕಾಣಲು ಸಂಜಯನೊಡನೆ ರಣಭೂಮಿಯನ್ನು ದಾಟಿ ಹೋಗುತ್ತಾನೆ. ಹೆಣಗಳ ನಡುವೆ, ಮರುಳುಗಳ ನಡುವೆ ನಡೆಯುವ ಆ ನಡಿಗೆಯನ್ನು ಓದುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಆ ಭಯದ ಒಡಲಿನಲ್ಲಿರುವುದು ಯುದ್ಧದ ವ್ಯರ್ಥತೆಯ ಅರಿವು. ಜನ್ನನು ೧೨೦೯ರಲ್ಲಿ ಬರೆದ ‘ಯಶೋಧರ ಚರಿತೆ’ ಆರಂಭವಾಗುವುದೇ ಚಂಡಮಾರಿಯ ಗುಡಿಯಲ್ಲಿ. ಬಲಿಗಾಗಿ ಹಿಡಿದು ತಂದ ಇಬ್ಬರು ಎಳೆಯರು, ಅಣ್ಣ ತಂಗಿ, ಮಾರಿದತ್ತ ರಾಜನ ಕತ್ತಿಯ ಎದುರಿಗೆ ನಿಂತಿದ್ದಾರೆ. ಅವರು ಅಳುವುದಿಲ್ಲ, ಕಥೆ ಹೇಳುತ್ತಾರೆ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಸಂಕಲ್ಪಮಾತ್ರದಿಂದ ಜನ್ಮಜನ್ಮಗಳಲ್ಲಿ ಮೃಗ ಪಕ್ಷಿಗಳಾಗಿ ನೊಂದು ಸತ್ತ ತಮ್ಮ ಕಥೆಯನ್ನೇ ಹೇಳುತ್ತಾರೆ. ಕೇಳುತ್ತ ಕೇಳುತ್ತ ರಾಜನ ಮನಸ್ಸು ಕರಗಿ ಬಲಿ ನಿಲ್ಲುತ್ತದೆ. ಆ ಎಳೆಯರ ಹೆಸರು ಅಭಯರುಚಿ, ಅಭಯಮತಿ. ಘೋರವಾದ ಕಥೆಯೊಂದು ಎರಡು ಜೀವಗಳನ್ನು ಉಳಿಸಿತು. ಇದೇ ಕಾವ್ಯದ ವಸ್ತುವನ್ನು ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ವೆಂಬ ನಾಟಕವಾಗಿ ಮಾರ್ಪಡಿಸಿದರು.

ಒಂದು ನಾಡಿನ ಭಯವನ್ನು ಇನ್ನೊಂದು ನಾಡಿನ ಮಣ್ಣಿನಲ್ಲಿ ನೆಡುವ ಕೆಲಸವನ್ನೂ ನಮ್ಮ ಹಿರಿಯರು ಮಾಡಿದ್ದಾರೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನೀವೆಲ್ಲ ಬಲ್ಲಿರಿ. ಅದು ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಕಥೆ. ರಾಬರ್ಟ್ ಬ್ರೌನಿಂಗನು ೧೮೪೨ರಲ್ಲಿ ಇಂಗ್ಲಿಷಿನಲ್ಲಿ ಕವನವಾಗಿ ಪ್ರಕಟಿಸಿದ್ದನ್ನು ಕುವೆಂಪು ತುಂಗಾ ತೀರಕ್ಕೆ ತಂದರು. ಅದರ ಹಾಡಿನ ಸೊಗಸಿನಲ್ಲಿ ನಾವು ಮರೆಯುವುದು ಇಷ್ಟೇ: ಮಾತಿಗೆ ತಪ್ಪಿದ ಊರೊಂದು ತನ್ನ ಮಕ್ಕಳನ್ನೇ ಕಳೆದುಕೊಂಡ ಕಥೆ ಅದು. ಇದಕ್ಕಿಂತ ಭಯಂಕರವಾದುದು ಬೇರೆ ಯಾವುದಿದೆ? ಆದರೂ ತಲೆಮಾರುಗಳಿಂದ ಕನ್ನಡದ ಪುಟ್ಟ ಮಕ್ಕಳು ಅದನ್ನು ಒಟ್ಟಾಗಿ ಹಾಡಿ ನಲಿದಿದ್ದಾರೆ.

ನಾನು ಹರಿದ ಆ ಪುಸ್ತಕದ ಕಥೆಯ ಗುರುತು ಸಿಕ್ಕಿದ್ದೂ ಹೀಗೆಯೇ. ಹಲವು ವರ್ಷಗಳ ಮೇಲೆ ಗ್ರಂಥಾಲಯದಲ್ಲಿ ಎಡ್ಗರ್ ಅಲನ್ ಪೋ ಎಂಬ ಅಮೆರಿಕದ ಲೇಖಕನ ಕಥೆಗಳನ್ನು ಓದುತ್ತಿದ್ದೆ. ೧೮೪೩ರಲ್ಲಿ ಪ್ರಕಟವಾದ ಅವನ ಒಂದು ಕಥೆಯಲ್ಲಿ ಲಾಂದ್ರ ಬಂದಿತು, ಮುದುಕನ ಕಣ್ಣು ಬಂದಿತು. ಒಬ್ಬನು ಆ ಮುದುಕನನ್ನು ಕೊಂದು ನೆಲಹಲಗೆಯ ಕೆಳಗೆ ಹೂಳುತ್ತಾನೆ. ವಿಚಾರಿಸಲು ಬಂದ ಪೊಲೀಸರನ್ನು ಅದೇ ಕೋಣೆಯಲ್ಲಿ ಕೂರಿಸಿ, ತಾನು ಅದೇ ಜಾಗದ ಮೇಲೆ ಕುಳಿತು ನಗುನಗುತ್ತ ಮಾತನಾಡುತ್ತಾನೆ. ಆಗ ಅವನಿಗೆ ಸತ್ತವನ ಎದೆ ಬಡಿತ ಕೇಳತೊಡಗುತ್ತದೆ. ಸದ್ದು ಏರುತ್ತ ಹೋಗುತ್ತದೆ. ಪೊಲೀಸರಿಗೆ ಅದು ಕೇಳಿಸುತ್ತಿಲ್ಲ. ತಾಳಲಾರದೆ ಅವನೇ ಚೀರಿ ತಪ್ಪೊಪ್ಪಿಕೊಳ್ಳುತ್ತಾನೆ. ಪೋ ಆ ಬಡಿತವನ್ನು ಗಡಿಯಾರದ ಸದ್ದಿಗೆ ಹೋಲಿಸಿದ್ದಾನೆ. ನನ್ನ ಹುಡುಗರ ಮನೆಗಳಲ್ಲಿ ಗಡಿಯಾರ ಇರಲಿಲ್ಲ, ಅಟ್ಟ ಇತ್ತು. ಅವರು ಗಡಿಯಾರವನ್ನು ತೆಗೆದು ಗಿಟುಕನ್ನು ಇಟ್ಟಿದ್ದರು. ಅಮೆರಿಕದ ‘ಕ್ರೀಪಿ’ ಎಂಬ ಪತ್ರಿಕೆ ೧೯೬೫ರಲ್ಲಿ ಈ ಕಥೆಯನ್ನು ಚಿತ್ರರೂಪಕ್ಕೆ ತಂದಿತ್ತು. ತಿಪಟೂರಿನ ಆರು ಹುಡುಗರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಅದನ್ನು ತಮ್ಮ ಮನೆಯ ಕಥೆಯನ್ನಾಗಿ ಮಾಡಿಕೊಂಡಿದ್ದರು.

ಭಯ ದುಃಖಕರವಾದ ಭಾವ. ಅದನ್ನು ಕಥೆಯಲ್ಲಿ ಓದಿದರೆ ಸಂತೋಷವೇಕೆ ಆಗುತ್ತದೆ? ಈ ಪ್ರಶ್ನೆಯನ್ನು ನಮ್ಮ ಪ್ರಾಚೀನರು ಚೆನ್ನಾಗಿ ವಿಚಾರ ಮಾಡಿದ್ದಾರೆ. ಭರತನ ನಾಟ್ಯಶಾಸ್ತ್ರ ಹೇಳುವ ಎಂಟು ರಸಗಳಲ್ಲಿ ಭಯಾನಕವೂ ಒಂದು, ಬೀಭತ್ಸವೂ ಒಂದು. ಶೃಂಗಾರ ವೀರಗಳ ಪಂಕ್ತಿಯಲ್ಲಿಯೇ ಅವುಗಳಿಗೂ ಎಲೆ ಹಾಕಿದ್ದಾರೆ. ಈ ರಸತತ್ತ್ವವನ್ನು ಕನ್ನಡದಲ್ಲಿ ವಿಶದವಾಗಿ ತಿಳಿಸಿದ ‘ಭಾರತೀಯ ಕಾವ್ಯಮೀಮಾಂಸೆ’ಯ ಕರ್ತೃ ತೀ. ನಂ. ಶ್ರೀಕಂಠಯ್ಯನವರು ನಮ್ಮ ಸೀಮೆಯವರೇ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ನಿಜವಾದ ಹುಲಿ ಎದುರಿಗೆ ಬಂದರೆ ನಾವು ಓಡುತ್ತೇವೆ. ಅಲ್ಲಿ ಭಯವಿದೆ, ರಸವಿಲ್ಲ. ಕಾವ್ಯದ ಹುಲಿ ನನ್ನನ್ನು ತಿನ್ನಲು ಬಂದದ್ದೂ ಅಲ್ಲ, ನಿನ್ನನ್ನು ತಿನ್ನಲು ಬಂದದ್ದೂ ಅಲ್ಲ. ಅದು ಎಲ್ಲರಿಗೂ ಸಮಾನವಾದ ಭಯ. ನನ್ನದು, ನಿನ್ನದು ಎಂಬ ಕಟ್ಟು ಕಳಚಿದ ಈ ಸ್ಥಿತಿಯನ್ನು ಮೀಮಾಂಸಕರು ಸಾಧಾರಣೀಕರಣವೆಂದು ಕರೆದರು. ಅಜ್ಜಿಗೆ ಈ ಪದ ತಿಳಿದಿರಲಿಲ್ಲ. ಆದರೆ ಅಟ್ಟದ ಭಯ ನನ್ನೊಬ್ಬನದು, ಕಥೆಯ ಭಯ ನಮ್ಮಿಬ್ಬರದು ಎಂಬುದು ತಿಳಿದಿತ್ತು. ಒಂಟಿಯಾದ ಭಯವನ್ನು ದೀಪ ಹಿಡಿದು ಕಳೆದಳು. ಹಂಚಿಕೊಂಡ ಭಯವನ್ನು ಪಕ್ಕದಲ್ಲಿ ಮಲಗಿ ಕೊಟ್ಟಳು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ದೆವ್ವದ ಕಥೆಗಳು ಮೂಢನಂಬಿಕೆಯನ್ನು ಬೆಳೆಸುವುದಿಲ್ಲವೇ? ಇದು ಹಗುರವಾದ ಆಕ್ಷೇಪಣೆಯಲ್ಲ. ದೆವ್ವ ಬಿಡಿಸುವ ಹೆಸರಿನಲ್ಲಿ ಕಾಯಿಲೆಯವರನ್ನು ಹೊಡೆಯುವುದು, ಮಾಟದ ಗುಮಾನಿಯ ಮೇಲೆ ಬಡ ಹೆಂಗಸರನ್ನು ಹಿಂಸಿಸುವುದು ನಮ್ಮ ನಾಡಿನಲ್ಲಿ ನಡೆದಿದೆ. ಇಂತಹ ಅಮಾನುಷ ಆಚರಣೆಗಳನ್ನು ತಡೆಯಲು ಕರ್ನಾಟಕ ೨೦೧೭ರಲ್ಲಿ ಶಾಸನವನ್ನೇ ಮಾಡಬೇಕಾಯಿತು. ೨೦೨೦ರ ಜನವರಿಯಿಂದ ಅದು ಜಾರಿಯಲ್ಲಿದೆ. ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ ೧೯೭೬ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ ಎಂಬುದು ಅವರು ತರುಣರಿಗೆ ನೀಡುತ್ತಿದ್ದ ಬೋಧನೆಯ ಸಾರ. ಆ ಬೋಧನೆಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ.

ಆದರೆ ಕಥೆ ಬೇರೆ, ವದಂತಿ ಬೇರೆ. ಕಥೆ ‘ಒಂದಾನೊಂದು ಊರಿನಲ್ಲಿ’ ಎಂದು ಆರಂಭವಾಗುತ್ತದೆ. ತಾನು ಕಥೆಯೆಂದು ಮೊದಲ ಮಾತಿನಲ್ಲಿಯೇ ಒಪ್ಪಿಕೊಳ್ಳುತ್ತದೆ. ವದಂತಿ ‘ನಮ್ಮ ಊರಿನ ಇಂಥವರ ಮನೆಯಲ್ಲಿ’ ಎಂದು ಆರಂಭವಾಗುತ್ತದೆ. ತಾನು ಸತ್ಯವೆಂದು ಸಾಧಿಸುತ್ತದೆ. ಕಥೆ ಮುಗಿಯುತ್ತದೆ, ವದಂತಿ ಮುಗಿಯುವುದಿಲ್ಲ. ಕಥೆಯ ಪಿಶಾಚಿಯಿಂದ ಯಾರಿಗೂ ಕೇಡಿಲ್ಲ. ವದಂತಿಯ ಪಿಶಾಚಿಗೆ ಯಾವಳೋ ಒಬ್ಬ ಮುದುಕಿಯ ಹೆಸರಿರುತ್ತದೆ. ಬೇತಾಳನ ಕಥೆಗಳನ್ನು ಹತ್ತಾರು ಓದಿ, ಅವುಗಳ ಕಟ್ಟನ್ನು ಬಲ್ಲ ಹುಡುಗ ವದಂತಿಯನ್ನು ಕೇಳಿದಾಗ ‘ಇದೂ ಯಾರೋ ಕಟ್ಟಿದ್ದೇ’ ಎಂದು ಗುರುತಿಸುವ ಸಂಭವ ಹೆಚ್ಚು.

ಹಾಗೆಂದು ಭಯದ ಕಥೆಗಳೆಲ್ಲ ಒಳ್ಳೆಯವೆಂದು ನಾನು ಹೇಳುವುದಿಲ್ಲ. ಮನುಷ್ಯನ ನೋವನ್ನು ನೋಡಿ ನಗುವಂತೆ ಮಾಡುವ ಬರಹ ಕೆಟ್ಟದ್ದು. ಕುರೂಪಿಯನ್ನೋ, ಹುಚ್ಚು ಹಿಡಿದವರನ್ನೋ, ವಿಧವೆಯನ್ನೋ ರಾಕ್ಷಸರಂತೆ ಚಿತ್ರಿಸುವ ಬರಹವೂ ಕೆಟ್ಟದ್ದು. ಅಮೆರಿಕದ ಆ ಹಳೆಯ ಪುಸ್ತಕಗಳಲ್ಲಿಯೂ ಇಂತಹ ಕಸ ಸಾಕಷ್ಟಿತ್ತು. ಎಲ್ಲ ಮಕ್ಕಳ ಮನಸ್ಸೂ ಒಂದೇ ಬಗೆಯದಲ್ಲ. ಕಥೆ ಕೇಳಿ ಹತ್ತು ರಾತ್ರಿ ನಿದ್ದೆಗೆಡುವ ಮಗುವನ್ನು ಹೇಡಿಯೆಂದು ಹಂಗಿಸಿ ಬಲವಂತವಾಗಿ ಓದಿಸುವುದು ಕ್ರೌರ್ಯ. ಕಾಯಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ ಒಳ್ಳೆಯದನ್ನೂ ಕೊಳೆತದ್ದನ್ನೂ ಬೇರ್ಪಡಿಸುವ ಹಾಗೆ ಪುಸ್ತಕವನ್ನೂ ಹಿರಿಯರು ಮೊದಲು ಓದಿ ನೋಡಬೇಕು. ನಾನು ಓದದೆ ಹರಿದೆ. ಅದೇ ನನ್ನ ತಪ್ಪು.

ಇಂದು ನನ್ನನ್ನು ಕಾಡುವ ಚಿಂತೆ ಬೇರೆಯದು. ‘ಚಂದಮಾಮ’ ಅಚ್ಚಾಗುವುದು ನಿಂತು ವರ್ಷಗಳೇ ಆದವು. ಮಕ್ಕಳು ಭಯದ ಕಥೆಗಳನ್ನು ಬಿಟ್ಟಿಲ್ಲ; ಮೊಬೈಲಿನಲ್ಲಿ ನೋಡುತ್ತಾರೆ. ಕಂಬಳಿ ಹೊದ್ದುಕೊಂಡು, ಕಿವಿಗೆ ತಂತಿ ಸಿಕ್ಕಿಸಿಕೊಂಡು, ಒಬ್ಬೊಬ್ಬರೇ ನೋಡುತ್ತಾರೆ. ಒತ್ತಿಕೊಂಡು ಕೂರಲು ಪಕ್ಕದಲ್ಲಿ ಯಾರೂ ಇಲ್ಲ. ನಡುವೆ ನಿಲ್ಲಿಸಿ “ಅಯ್ಯೋ, ಇದು ಸುಳ್ಳು ಬಿಡೋ” ಎಂದು ನಗುವವರಿಲ್ಲ. ಅಜ್ಜಿ ಕಳೆದ ಒಂಟಿ ಭಯವೇ ಮತ್ತೆ ಮಕ್ಕಳ ಪಾಲಿಗೆ ಬಂದಿದೆ. ನಿಷೇಧದಿಂದ ಇದನ್ನು ತಡೆಯಲಾಗದೆಂದು ಅಮೆರಿಕದ ಅನುಭವವೂ ನನ್ನ ಅನುಭವವೂ ಹೇಳುತ್ತವೆ. ನನಗೆ ತೋರುವ ದಾರಿ ಒಂದೇ: ಜಗುಲಿಯನ್ನು ಮತ್ತೆ ಹಾಸುವುದು.

ನಿವೃತ್ತನಾದ ಮೇಲೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ, ಸಿಕ್ಕಷ್ಟು ಹಳೆಯ ‘ಚಂದಮಾಮ’ಗಳನ್ನೂ ಚಿತ್ರಕಥೆಗಳನ್ನೂ ತಂದು ಒಂದು ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಶನಿವಾರ ಸಂಜೆ ಕೆಲವು ಮಕ್ಕಳು ಬರುತ್ತಾರೆ. ಪುಸ್ತಕ ಒಯ್ಯಲು ಹಣವಿಲ್ಲ, ಒಂದು ನಿಯಮವಿದೆ. ಓದಿದ ಕಥೆಯನ್ನು ಯಾರಾದರೊಬ್ಬರಿಗೆ ಹೇಳಿದ ಮೇಲೆಯೇ ಪುಸ್ತಕವನ್ನು ಹಿಂದಿರುಗಿಸಬೇಕು. ನೀವೂ ನಿಮ್ಮ ಶಾಲೆಯಲ್ಲಿ, ನಿಮ್ಮ ಊರಿನ ಗ್ರಂಥಾಲಯದಲ್ಲಿ ಇಂತಹ ಒಂದು ಪೆಟ್ಟಿಗೆಯನ್ನು ಇಡಬಹುದು. ಅದಕ್ಕೆ ಬೇಕಾದದ್ದು ಹತ್ತು ಪುಸ್ತಕ ಮತ್ತು ಎರವಲು ಕೊಡುವ 
ಮನಸ್ಸು.

ಕೆಲವು ತಿಂಗಳ ಹಿಂದೆ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜಿನ ದಿನ ಆ ಆರು ಮಂದಿಯಲ್ಲಿ ಒಬ್ಬ ಸಿಕ್ಕಿದ. ಈಗ ತೋಟ ಮಾಡಿಕೊಂಡಿರುವ ಐವತ್ತು ದಾಟಿದ ಮನುಷ್ಯ. ನಾನು ಆ ದಿನದ ಮಾತು ತೆಗೆದು, “ನನ್ನಿಂದ ತಪ್ಪಾಯಿತಪ್ಪ” ಎಂದೆ. ಅವನು ನಕ್ಕು, “ಅದು ಹೋಗ್ಲಿ ಬಿಡಿ ಮೇಷ್ಟ್ರೇ. ಆದ್ರೆ ಆ ಕಥೆ ಕೊನೇಗೆ ಏನಾಯ್ತು ಅಂತ ಮಾತ್ರ ಗೊತ್ತಾಗ್ಲೇ ಇಲ್ಲ ನೋಡಿ. ನೀವು ಹರಿದಾಗ ಇನ್ನೂ ಎರಡು ಪುಟ ಉಳಿದಿತ್ತು” ಎಂದ. ಕೊಬ್ಬರಿ ಚೀಲಗಳ ಮೇಲೆ ಇಬ್ಬರೂ ಕುಳಿತೆವು. ಪೊಲೀಸರು ಬಂದದ್ದು, ನೆಲದ ಕೆಳಗಿಂದ ಸದ್ದು ಕೇಳತೊಡಗಿದ್ದು, ಕೊಂದವನು ಚೀರಿ ಒಪ್ಪಿಕೊಂಡದ್ದು, ಎಲ್ಲವನ್ನೂ ಹೇಳಿದೆ. ಗಡಿಯಾರದ ಹೋಲಿಕೆಯನ್ನು ಬಿಟ್ಟು ಗಿಟುಕಿನ ಹೋಲಿಕೆಯನ್ನೇ ಬಳಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಉಳಿದ ಐದು ಜನಕ್ಕೂ ಹೇಳ್ಬೇಕು” ಎಂದು ಎದ್ದನು.